ಬ್ರೇಕ್ ಪೆಡಲಿನ ಅರ್ಧ ಇಂಚು

ನಮ್ಮದು ಹಳೇ ಮಹೀಂದ್ರ ಸಿಜೆ-3ಬಿ ಜೀಪು. ಅಪ್ಪ ತೋಟದ ಕೆಲಸಕ್ಕೆ ಅಂತ ತಂದದ್ದು. ಕಾಫಿ ಮೂಟೆ, ಗೊಬ್ಬರ, ಮೆಣಸು ಕೊಯ್ಯುವ ಏಣಿ ಎಲ್ಲವನ್ನೂ ಹೊತ್ತಿದೆ.

ಕಳೆದ ಕಕ್ಕಡದ (ನಮ್ಮ ಕೊಡಗಿನ ಆಟಿ ತಿಂಗಳು) ಮಳೆಯಲ್ಲಿ ಒಂದು ವಿಚಿತ್ರ ಶುರುವಾಯಿತು. ಗೇಟಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿ ನಿಂತರೆ ಪೆಡಲ್ ಮೆಲ್ಲಗೆ ಕೆಳಗೆ ಇಳಿಯುತ್ತಿತ್ತು. ಎರಡು ಸಲ ಪಂಪ್ ಮಾಡಿದರೆ ಮತ್ತೆ ಗಟ್ಟಿ. ನಾಲ್ಕೂ ಚಕ್ರದ ಒಳಗೆ ನೋಡಿದೆ, ಎಲ್ಲೂ ಒದ್ದೆ ಇಲ್ಲ. ಬ್ರೇಕ್ ಆಯಿಲ್ ಕೂಡ ಕಮ್ಮಿಯಾಗಿಲ್ಲ. ಹೊರಗೆ ಸೋರದೆ ಪೆಡಲ್ ಇಳಿಯುತ್ತಿದೆ ಅಂದರೆ, ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಕಪ್ ದಾಟಿ ಆಯಿಲ್ ಹಿಂದಕ್ಕೆ ಬರುತ್ತಿದೆ ಅಂತಲೇ ಲೆಕ್ಕ.

ಈ ಜೀಪಿನಲ್ಲಿ ಸಿಲಿಂಡರ್ ಇರುವುದು ಬಾನೆಟ್ ಅಡಿಯಲ್ಲಲ್ಲ, ಡ್ರೈವರ್ ಕಾಲಡಿ, ಚಾಸಿಸ್‌ಗೆ ಬೋಲ್ಟ್ ಮಾಡಿ. ಆಯಿಲ್ ಹಾಕಲು ನೆಲದ ತಗಡಿನಲ್ಲಿ ಒಂದು ಸಣ್ಣ ಮುಚ್ಚಳ ಇದೆ. ತೋಟದಿಂದ ಬಂದ ಬೂಟಿನ ಕೆಸರೆಲ್ಲ ಬೀಳುವುದು ಅದರ ಮೇಲೇ! ಹಾಗಾಗಿ ಮೊದಲು ಬ್ರಷ್ ಹಿಡಿದು ಸುತ್ತ ಉಜ್ಜಿದೆ.

ಬಿಚ್ಚುವುದು ಸುಲಭ, ತುಕ್ಕು ಬಿಟ್ಟರೆ. ಪೈಪಿನ ನಟ್‌ಗೆ ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಆಯಿಲ್ ಬಿಟ್ಟಿದ್ದೆ. ಆದರೂ ಅರ್ಧ ಗಂಟೆ ತಿಂದಿತು. ಆಯಿಲ್ ಒತ್ತಡದಿಂದ ಕೆಲಸ ಮಾಡುವ ಬ್ರೇಕ್ ಲೈಟ್ ಸ್ವಿಚ್ಚಿನ ವೈರ್, ಪಿಸ್ಟನ್ ತಳ್ಳುವ ಪೆಡಲ್ ರಾಡ್, ಆಮೇಲೆ ಬೋಲ್ಟುಗಳು. ಸುರಿದ ಬ್ರೇಕ್ ಆಯಿಲ್‌ಗೆ ತಕ್ಷಣ ನೀರು ಹಾಕಿ ತೊಳೆಯಬೇಕು, ಇಲ್ಲವಾದರೆ ಪೇಂಟ್ ಎದ್ದು ಬರುತ್ತದೆ.

ಒಳಗೆ ನೋಡಿದರೆ ಬೋರಿನ (ಪಿಸ್ಟನ್ ಓಡಾಡುವ ಕೊಳವೆ) ತಳದಲ್ಲಿ ತುಕ್ಕಿನ ಸಣ್ಣ ಸಣ್ಣ ಗುಂಡಿಗಳು. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಗಾಳಿಯಲ್ಲಿನ ನೀರನ್ನು ಹೀರಿಕೊಳ್ಳುತ್ತದೆ, ನಮ್ಮ ಮಳೆಗಾಲದಲ್ಲಿ ಕೇಳಬೇಕೇ! ಹೊಸ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ನೀರು ಕುಡಿದದ್ದು 140ರ ಸುಮಾರಿಗೇ ಕುದಿಯಬಹುದು, ಕುದ್ದರೆ ಬ್ರೇಕ್ ಹಿಡಿಯುವುದಿಲ್ಲ. ಸಂಪಾಜೆ ಘಾಟಿ ಇಳಿಯುವವರಿಗೆ ಇದು ಸಣ್ಣ ವಿಷಯ ಅಲ್ಲ. "ಎಮರಿ ಪೇಪರ್ ಉಜ್ಜಿ ಹೊಸ ರಬ್ಬರ್ ಕಿಟ್ ಹಾಕಿ, ಸಾಕು" ಅಂದವರೂ ಇದ್ದರು. ಗುಂಡಿ ಬಿದ್ದ ಬೋರಿನಲ್ಲಿ ಹೊಸ ರಬ್ಬರ್ ಎಷ್ಟು ದಿನ ಬಾಳುತ್ತೆ? ಮೈಸೂರಿನಿಂದ ಹೊಸ ಸಿಲಿಂಡರನ್ನೇ ತರಿಸಿದೆ.

ಹೊಸದನ್ನು ವೈಸ್‌ನಲ್ಲಿ ಹಿಡಿದು, ಆಯಿಲ್ ತುಂಬಿ, ಗುಳ್ಳೆ ನಿಲ್ಲುವ ತನಕ ಪಿಸ್ಟನ್ ಒತ್ತಿದೆ. ತಾಮ್ರದ ವಾಷರ್ ಹೊಸದು ಹಾಕಿ ಕೂರಿಸಿದೆ. ಆಮೇಲೆ ಪೈಪುಗಳಲ್ಲಿ ಸೇರಿಕೊಂಡ ಏರ್ ತೆಗೆಯುವುದು. ಸಿಲಿಂಡರಿನಿಂದ ಅತಿ ದೂರದ ಚಕ್ರ ಮೊದಲು, ಅಂದರೆ ಎಡ ಹಿಂದಿನದು. ಮಗಳು ಸೀಟಿನಲ್ಲಿ. "ಒತ್ತಿ ಹಿಡ್ಕೋ." "ಹಿಡ್ಕೊಂಡೆ ಅಪ್ಪಾ." ಪೆಡಲ್ ಕಲ್ಲಿನ ಹಾಗೆ ನಿಂತಿತು. ಖುಷಿಯೋ ಖುಷಿ.

ಮರುದಿನ ಸುಂಟಿಕೊಪ್ಪ ತಲುಪುವಷ್ಟರಲ್ಲಿ ಸುಟ್ಟ ವಾಸನೆ. ಜೀಪು ಎಳೆಯುತ್ತಲೇ ಇಲ್ಲ, ನಾಲ್ಕೂ ಚಕ್ರದ ಬ್ರೇಕ್ ಡ್ರಮ್ ಕೈ ಇಡಲಾಗದಷ್ಟು ಬಿಸಿ. ಒಂದು ಚಕ್ರದಲ್ಲಿ ಏರ್ ತೆಗೆಯುವ ನಿಪ್ಪಲ್ ಸಡಿಲಿಸಿದೆ. ಆಯಿಲ್ ಚಿಮ್ಮಿತು, ಹಿಡಿದಿದ್ದ ಬ್ರೇಕ್ ಬಿಟ್ಟುಕೊಂಡಿತು. ಲೈನಿನಲ್ಲಿ ಒತ್ತಡ ಉಳಿದುಬಿಟ್ಟಿತ್ತು.

ತಪ್ಪು ನನ್ನದೇ. ಪೆಡಲ್ ರಾಡಿನ ಉದ್ದವನ್ನು ಹಳೆಯ ಸಿಲಿಂಡರಿಗೆ ಇದ್ದಂತೆಯೇ ಬಿಟ್ಟಿದ್ದೆ. ಹೊಸದರ ಪಿಸ್ಟನ್‌ಗೆ ಅದು ಕೊಂಚ ಜಾಸ್ತಿ. ಕಾಲು ತೆಗೆದರೂ ಪಿಸ್ಟನ್ ಪೂರ್ತಿ ಹಿಂದೆ ಬರುತ್ತಿರಲಿಲ್ಲ. ಆಯಿಲ್ ಸಿಲಿಂಡರಿನ ಮೇಲಿನ ಡಬ್ಬಿಗೆ ವಾಪಸ್ ಹೋಗುವ ಸೂಜಿಮೊನೆಯಷ್ಟು ತೂತೊಂದು ಇದೆ, ಕಪ್ ಅದನ್ನು ಮುಚ್ಚಿಕೊಂಡೇ ಕೂತಿತ್ತು. ಡ್ರಮ್ ಬಿಸಿಯಾದಂತೆ ಆಯಿಲ್ ಹಿಗ್ಗುತ್ತದೆ. ಹೋಗಲು ದಾರಿ ಇಲ್ಲ, ಬ್ರೇಕ್ ಇನ್ನಷ್ಟು ಹಿಡಿಯುತ್ತದೆ. ನಾನು ಖುಷಿಪಟ್ಟ ಆ ಕಲ್ಲಿನಂಥ ಪೆಡಲಿಗೆ ಇದೂ ಒಂದು ಕಾರಣ ಅಲ್ವಾ!

ಅಲ್ಲೇ ರಸ್ತೆ ಬದಿಯಲ್ಲಿ ಜೀಪಿನಡಿ ಮಲಗಿ ರಾಡನ್ನು ತಿರುಗಿಸಿ ಗಿಡ್ಡ ಮಾಡಿದೆ. ಪೆಡಲ್ ಸುಮ್ನೆ ಅರ್ಧ ಇಂಚು ಆಡಿ, ಆಮೇಲೆ ಪಿಸ್ಟನ್ ಮುಟ್ಟಬೇಕು. ಸರಿಯಾಯಿತೋ ಇಲ್ಲವೋ ನೋಡಲು ಮುಚ್ಚಳ ತೆಗೆದು ಪೆಡಲನ್ನು ಕೈಯಲ್ಲಿ ಮೆತ್ತಗೆ ಒತ್ತಿದೆ. ಆ ತೂತಿನಿಂದ ಆಯಿಲ್ ಒಂದು ಚಿಕ್ಕ ಚಿಲುಮೆಯಂತೆ ಎದ್ದಿತು. ತೂತು ತೆರೆದಿದೆ.

ಕೈಲ್ ಪೊಳ್ದ್ ಹಬ್ಬದ ಹಿಂದಿನ ದಿನ ಮಡಿಕೇರಿಯಿಂದ ಸಂಪಾಜೆಗೆ ಇಳಿಸಿ ನೋಡಿದೆ. ಡ್ರಮ್ ನಾಲ್ಕೂ ಒಂದೇ ಸಮ ಬೆಚ್ಚಗಿದ್ದವು. ಬ್ರೇಕ್ ಲೈಟ್ ಸ್ವಿಚ್ ಮಾತ್ರ ಈಗ ಕೊಂಚ ಜಿನುಗುತ್ತಿದೆ. ಅದನ್ನೂ ಆಗಲೇ ಬದಲಿಸಬೇಕಿತ್ತು.