ಡೌನ್‌ಲೋಡ್ ಅಂಗಡಿಯಲ್ಲಿ ಹಾಡು ಕೊಳ್ಳುವ ಮುನ್ನ: ಒಂದೇ ಹಾಡಿನ ಪರೀಕ್ಷೆ

ಫ್ಲಿಪ್‌ಕಾರ್ಟ್ 2012ರ ಫೆಬ್ರವರಿಯಲ್ಲಿ ‘ಫ್ಲೈಟ್’ ಎಂಬ ಎಂಪಿ3 ಅಂಗಡಿ ತೆರೆಯಿತು, 2013ರ ಜೂನ್‌ನಲ್ಲಿ ಮುಚ್ಚಿತು. ಅಲ್ಲಿನ ಹಾಡುಗಳಿಗೆ ಡಿಆರ್‌ಎಂ ಎಂಬ, ನಕಲು ತಡೆಯುವ ಬೀಗ ಇರಲಿಲ್ಲ. ಹಾಗಾಗಿ ಇಳಿಸಿಕೊಂಡು ಜೋಪಾನ ಮಾಡಿದವರು ಅವನ್ನು ಇವತ್ತಿಗೂ ಕೇಳಬಹುದು. 2008ರಲ್ಲಿ ಯಾಹೂ ಮ್ಯೂಸಿಕ್ ಅಂಗಡಿ ಮುಚ್ಚಿದಾಗ ಗಿರಾಕಿಗಳಿಗೆ ಆ ಭಾಗ್ಯ ಇರಲಿಲ್ಲ. ಬೀಗ ತೆಗೆಯಲು ಅನುಮತಿ ಕೊಡುವ ಸರ್ವರ್ರೇ ನಿಂತುಹೋದ ಮೇಲೆ, ದುಡ್ಡು ಕೊಟ್ಟು ಕೊಂಡ ಹಾಡಿನ ಕಡತವನ್ನು ಹೊಸ ಕಂಪ್ಯೂಟರಿಗೆ ನೇರವಾಗಿ ಒಯ್ಯಲು ದಾರಿ ಉಳಿಯಲಿಲ್ಲ. ಆದ್ದರಿಂದ ಯಾವ ಅಂಗಡಿಗೆ ಹೋದರೂ ಮೊದಲು ಕೇಳಬೇಕಾದ್ದು ಇಷ್ಟೇ: ನಾಳೆ ಈ ಅಂಗಡಿ ಬಾಗಿಲು ಹಾಕಿದರೆ ನಾನು ಕೊಂಡ ಹಾಡು ಕೇಳಿಸುತ್ತದೆಯೇ?

ಉತ್ತರ ಸಿಗುವುದು ಷರತ್ತುಗಳ ಪುಟದಲ್ಲಿ. ಎಂಪಿ3, ಎಎಸಿ, ಫ್ಲ್ಯಾಕ್ ಎಂದು ಕಡತದ ಸ್ವರೂಪದ ಹೆಸರನ್ನೇ ಬರೆದಿದ್ದರೆ ಒಳ್ಳೆಯ ಲಕ್ಷಣ. ‘ನಮ್ಮ ಆ್ಯಪ್‌ನಲ್ಲಿ ಆಫ್‌ಲೈನ್ ಕೇಳಿ’ ಎಂದಷ್ಟೇ ಇದ್ದರೆ ಅದು ಚಂದಾ ಸೇವೆ, ಮಾರಾಟವಲ್ಲ. ಒಂದು ಖರೀದಿಯನ್ನು ಎಷ್ಟು ಸಲ, ಎಷ್ಟು ದಿನದವರೆಗೆ ಮತ್ತೆ ಇಳಿಸಿಕೊಳ್ಳಬಹುದು, ದೇಶ ಬದಲಿಸಿದರೆ ಖಾತೆ ಏನಾಗುತ್ತದೆ ಎಂಬುದನ್ನೂ ಅಲ್ಲೇ ಓದಿ. ಬೆಂಗಳೂರಿನಿಂದ ಅಮೆರಿಕಕ್ಕೆ ಹೋಗಿಬರುವವರು ಎಡವುವುದು ಹೆಚ್ಚಾಗಿ ಈ ಕೊನೆಯ ಅಂಶದಲ್ಲಿ.

ಷರತ್ತು ಒಪ್ಪಿಗೆಯಾದರೆ ಇಡೀ ಆಲ್ಬಂ ಬೇಡ, ಒಂದೇ ಒಂದು ಹಾಡು ಕೊಳ್ಳಿ. ಉಳಿದ ಪರೀಕ್ಷೆಯೆಲ್ಲ ಆ ಕಡತದ ಮೇಲೆ.

ಮೊದಲು ಗಾತ್ರ ನೋಡಿ. 320 ಕೆಬಿಪಿಎಸ್ (ಸೆಕೆಂಡಿಗೆ 320 ಕಿಲೋಬಿಟ್) ಎಂಪಿ3 ನಿಮಿಷಕ್ಕೆ 2.4 ಎಂಬಿ ಆಗುತ್ತದೆ. 5 ನಿಮಿಷದ ಹಾಡು ಸುಮಾರು 12 ಎಂಬಿ ಇರಬೇಕು. ಧ್ವನಿಯನ್ನು ಕುಗ್ಗಿಸದೆ ಇಡುವ ಸಿಡಿ ಗುಣಮಟ್ಟದ ವೇವ್ ಕಡತ ನಿಮಿಷಕ್ಕೆ ಸುಮಾರು 10.6 ಎಂಬಿ, ನಾದ ಕಳೆಯದೆ ಕುಗ್ಗಿಸುವ ಫ್ಲ್ಯಾಕ್‌ನಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಗಾತ್ರ ಸರಿ ಇದ್ದ ಮಾತ್ರಕ್ಕೆ ಸರಕು ಅಸಲಿ ಎನ್ನುವಂತಿಲ್ಲ. 128 ಕೆಬಿಪಿಎಸ್ ಕಡತವನ್ನೇ 320ಕ್ಕೆ ಹಿಗ್ಗಿಸಿ ಮಾರುವುದುಂಟು. ಗಾತ್ರ ಇಳಿಸಲು ಒಮ್ಮೆ ಕಳೆದ ನಾದ ಹಿಗ್ಗಿಸಿದರೆ ಮರಳುವುದಿಲ್ಲ. ಸ್ಪೆಕ್ ಎಂಬ ಉಚಿತ ತಂತ್ರಾಂಶದಲ್ಲಿ ಕಡತ ತೆರೆಯಿರಿ; ಅಡಾಸಿಟಿಯ ಸ್ಪೆಕ್ಟ್ರೋಗ್ರಾಮ್ ನೋಟವೂ ಸಾಕು. ಎರಡರಲ್ಲೂ ಧ್ವನಿಯ ಆವರ್ತನಗಳು ಬಣ್ಣದ ಚಿತ್ರವಾಗಿ ಕಾಣುತ್ತವೆ, ಎತ್ತರದ ಆವರ್ತನ ಮೇಲೆ. ಅಸಲಿ 320ರಲ್ಲಿ ಬಣ್ಣ 20 ಕಿಲೋಹರ್ಟ್ಸ್ ಹತ್ತಿರದವರೆಗೆ ಏರುತ್ತದೆ. 16ರ ಆಸುಪಾಸಿನಲ್ಲಿ ಚಾಕುವಿನಿಂದ ಕತ್ತರಿಸಿದಂತೆ ನೇರ ಗೆರೆ ಕಂಡರೆ ಅನುಮಾನಿಸಿ. 96 ಕಿಲೋಹರ್ಟ್ಸ್ (ಸೆಕೆಂಡಿಗೆ 96,000 ಧ್ವನಿ ಮಾದರಿ) ‘ಹೈ-ರೆಸ್’ ಎಂದು ದುಬಾರಿ ಬೆಲೆ ಹಾಕಿದ ಕಡತದಲ್ಲಿ 22ರ ಮೇಲೆ ಬರೀ ಕಪ್ಪು ಇದ್ದರೆ, ಅದು ಬಹುಪಾಲು ಸಿಡಿಯ ಧ್ವನಿಯೇ.

ಇಲ್ಲಿ ಅವಸರದ ತೀರ್ಪು ಬೇಡ. 1950ರ ದಶಕದ ಧ್ವನಿಮುದ್ರಣದಲ್ಲಿ ಎತ್ತರದ ಆವರ್ತನಗಳು ಮೊದಲಿಗೇ ವಿರಳ. ಅಲ್ಲಿ ಬಣ್ಣ ಮೇಲೆ ಹೋದಂತೆ ಮೆಲ್ಲಗೆ ಮಸುಕಾಗುತ್ತದೆ, ತಟ್ಟನೆ ನಿಲ್ಲುವುದಿಲ್ಲ. ಮಸುಕಾದರೆ ಹಳತು, ಕತ್ತರಿಸಿದಂತಿದ್ದರೆ ಹಿಂಡಿದ್ದು.

ಶಾಸ್ತ್ರೀಯ ಸಂಗೀತ ಕೊಳ್ಳುವವರು ಇನ್ನೊಂದನ್ನು ಗಮನಿಸಲೇಬೇಕು. ರಾಗ, ತಾನ, ಪಲ್ಲವಿಗಳನ್ನು ಬೇರೆ ಬೇರೆ ಟ್ರ್ಯಾಕ್ ಮಾಡಿರುತ್ತಾರೆ, ಆದರೆ ತಂಬೂರಿ ಮಾತ್ರ ಎಲ್ಲೂ ನಿಲ್ಲುವುದಿಲ್ಲ. ಎಂಪಿ3 ಧ್ವನಿಯನ್ನು 1152 ಮಾದರಿಗಳ ತುಂಡುಗಳಾಗಿ ಕಟ್ಟುತ್ತದೆ, ಅಂದರೆ ಸುಮಾರು 26 ಮಿಲಿಸೆಕೆಂಡಿಗೊಂದು ತುಂಡು. ಕೊನೆಯ ತುಂಡು ತುಂಬದಿದ್ದರೆ ಮೌನ ಸೇರಿಸುತ್ತದೆ, ಆರಂಭದಲ್ಲೂ ಸ್ವಲ್ಪ ಮೌನ ಕೂಡುತ್ತದೆ. ಪ್ಲೇಯರ್ ಅದನ್ನು ಕತ್ತರಿಸಲು ಅರಿಯದಿದ್ದರೆ ಪ್ರತಿ ಸಂಧಿಯಲ್ಲೂ ಶ್ರುತಿ ತುಂಡಾಗುತ್ತದೆ. ಆಲಾಪನೆಯ ಗುಂಗಿನಲ್ಲಿರುವ ಕಿವಿಗೆ ಇದು ಕಲ್ಲು ಸಿಕ್ಕಿದ ಅನ್ನ. ಫ್ಲ್ಯಾಕ್‌ನಲ್ಲಿ ಈ ತುಂಬುಮೌನ ಇಲ್ಲ. ಅದಕ್ಕೇ ಕಛೇರಿಯ ಧ್ವನಿಮುದ್ರಣವನ್ನು ಫ್ಲ್ಯಾಕ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ವೇವ್ ಬೇಡ; ಧ್ವನಿ ಅಷ್ಟೇ, ಜಾಗ ದುಪ್ಪಟ್ಟು, ಹಾಡು, ಹಾಡಿದವರ ಹೆಸರು ಬರೆದಿಡುವ ಟ್ಯಾಗ್‌ಗಳನ್ನು ಹಲವು ಪ್ಲೇಯರ್‌ಗಳು ಓದುವುದೂ ಇಲ್ಲ. ಕಾರಿನ ಸ್ಟೀರಿಯೊ ಫ್ಲ್ಯಾಕ್ ಓದದಿದ್ದರೆ ಎಂಪಿ3 ಪ್ರತಿಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಎಂಪಿ3ಯಿಂದ ಫ್ಲ್ಯಾಕ್ ಮಾಡಿದರೆ ಗಾತ್ರ ಬೆಳೆದೀತು, ಗುಣ ಬೆಳೆಯದು.

ಟ್ಯಾಗ್‌ಗಳನ್ನು ಎಂಪಿ3ಟ್ಯಾಗ್ ತಂತ್ರಾಂಶದಲ್ಲಿ ತೆರೆದು ನೋಡಿ. ದೇವರನಾಮ ಹಾಡಿದವರ ಜಾಗದಲ್ಲಿ ಪುರಂದರದಾಸರ ಹೆಸರಿದ್ದರೆ ಹುಡುಕಾಟವೆಲ್ಲ ಅಸ್ತವ್ಯಸ್ತ. ಗಾಯಕ ಮಲ್ಲಿಕಾರ್ಜುನ ಮನ್ಸೂರರ ಹೆಸರನ್ನು ರೋಮನ್ ಲಿಪಿಯಲ್ಲಿ ‘ಯು’ ಹಾಕಿಯೂ ಬರೆಯುತ್ತಾರೆ, ಎರಡು ‘ಓ’ ಹಾಕಿಯೂ ಬರೆಯುತ್ತಾರೆ. ಎರಡನ್ನೂ ಕೊಟ್ಟು ಹುಡುಕಿ. ಕನ್ನಡ ಅಕ್ಷರದ ಬದಲು ಪೆಟ್ಟಿಗೆಗಳು ಕಂಡರೆ ದೋಷ ಕಡತದ್ದೋ ಸಾಧನದ್ದೋ ಎಂದು ಕಂಪ್ಯೂಟರಿನಲ್ಲಿ ಪರಿಶೀಲಿಸಿ. ಎಂಪಿ3 ಬಳಸುವ ಐಡಿ3 ಟ್ಯಾಗ್‌ನ ಮೊದಲ ಪೀಳಿಗೆಯಲ್ಲಿ ಶೀರ್ಷಿಕೆಗೆ 30 ಬೈಟ್ ಮಾತ್ರ, ಕನ್ನಡ ಹಿಡಿಸುವುದಿಲ್ಲ.

ಹಣದ ವಿಷಯ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ಪಾವತಿಯನ್ನು ನಾವೇ ತೆರೆಯಬೇಕು. ಖರೀದಿಯಾದ ಮೇಲೆ ಮತ್ತೆ ಮುಚ್ಚಿ. ವಿದೇಶಿ ಪಾವತಿಗೆ ಬ್ಯಾಂಕ್ ಹಾಕುವ ಮಾರ್ಕಪ್ ಶುಲ್ಕ ಶೇ 3.5 ಇದ್ದರೆ 10 ಡಾಲರಿನ ಆಲ್ಬಂಗೆ 35 ಸೆಂಟ್, ಆ 35 ಸೆಂಟಿನ ಮೇಲೆ ಶೇ 18 ಜಿಎಸ್‌ಟಿ. ಕೊಟ್ಟ ದುಡ್ಡು ಹಾಡಿದವರಿಗೆ ಎಷ್ಟು ಸೇರುತ್ತದೆ ಎಂಬುದನ್ನೂ ನೋಡಿ. ಕಲಾವಿದರೇ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ತಾಣ ಡಿಜಿಟಲ್ ಮಾರಾಟದಲ್ಲಿ ಶೇ 15 ಇಟ್ಟುಕೊಳ್ಳುತ್ತದೆಂದು ಬಹಿರಂಗವಾಗಿ ಹೇಳುತ್ತದೆ, ಒಂದೇ ಖರೀದಿಗೆ ಫ್ಲ್ಯಾಕ್ ಸಹಿತ ಹಲವು ಸ್ವರೂಪಗಳನ್ನೂ ಕೊಡುತ್ತದೆ. ಸ್ವತಂತ್ರ ಕಲಾವಿದರ ಹಾಡಿಗೆ ಇಂಥ ಕಡೆ ಕೊಳ್ಳುವುದೇ ಮೇಲು. ಅಲ್ಲಿ ಉಚಿತವಾಗಿ ಕೇಳಿಸುವ ಮಾದರಿ 128 ಕೆಬಿಪಿಎಸ್‌ನದು. ಅದನ್ನು ಕೇಳಿ ಧ್ವನಿಯ ಗುಣ ಅಳೆಯಬೇಡಿ.

ಆಲ್ಬಂ ಕೊಂಡ ದಿನವೇ ಇಳಿಸಿ, ಬೇರೊಂದು ಡಿಸ್ಕ್‌ಗೂ ನಕಲಿಸಿ, ರಸೀದಿಯ ಪಿಡಿಎಫ್ ಅನ್ನು ಅದೇ ಫೋಲ್ಡರಿನಲ್ಲಿಡಿ. ಫ್ಲ್ಯಾಕ್ ಕಡತದೊಳಗೆ ಮೂಲ ಧ್ವನಿಯೊಡನೆ ತಾಳೆ ನೋಡಲು ಎಂಡಿ5 ಎಂಬ ಗುರುತು ಇರುವುದರಿಂದ, ಫ್ಲ್ಯಾಕ್ ತಂತ್ರಾಂಶದ ‘ಟೆಸ್ಟ್’ ಆಜ್ಞೆ ಇಳಿಸುವಾಗ ಕೆಟ್ಟ ಕಡತವನ್ನು ಹಿಡಿದುಕೊಡುತ್ತದೆ. ಹಣ ಮರಳಿ ಕೇಳುವ ಅವಧಿ ಮುಗಿಯುವ ಮೊದಲೇ ಈ ಪರೀಕ್ಷೆ ಮುಗಿಸಿಕೊಳ್ಳಿ.