ಸ್ಟೀಮ್ ಲೈನಿನ ಹಳೆ ವಾಲ್ವ್: ಸೋರುವ ಜಾಗ ನೋಡಿ ರೋಗ ಹಿಡಿಯಿರಿ

ಭದ್ರಾ ನಾಲೆಯ ಬತ್ತ ಸುಗ್ಗಿಯಲ್ಲಿ ಬಂದು ಬೀಳತೊಡಗಿದರೆ ದಾವಣಗೆರೆ, ಹರಿಹರ ಸುತ್ತಿನ ರೈಸ್ ಮಿಲ್‌ಗಳ ಬಾಯ್ಲರ್‌ಗೆ ಬಿಡುವಿಲ್ಲ. ಆ ಹೊತ್ತಿಗೆ ಪ್ರೆಶರ್ ನಿಲ್ಲುತ್ತಿಲ್ಲವೆಂದು ಒಲೆಗೆ ಇನ್ನಷ್ಟು ಹೊಟ್ಟು ಸುರಿಯುವ ಮುಂಚೆ ಲೈನಿನ ವಾಲ್ವ್‌ಗಳನ್ನು ಒಮ್ಮೆ ನೋಡಿ. ಬಾಡಿ ಸೀಳಿರದಿದ್ದರೆ, ತುಕ್ಕು ತಿಂದು ತೆಳ್ಳಗಾಗಿರದಿದ್ದರೆ ಇಪ್ಪತ್ತು ವರ್ಷದ ಹಳೆ ವಾಲ್ವ್ ಕೂಡ ರಿಪೇರಿಗೆ ಯೋಗ್ಯ. ಎಷ್ಟೋ ವಾಲ್ವ್‌ಗಳು ಹಾಳಾಗುವುದು ವಯಸ್ಸಿನಿಂದಲ್ಲ, ಚಕ್ರಕ್ಕೆ ಪೈಪು ಸಿಕ್ಕಿಸಿ ತಿರುಗಿಸುವುದರಿಂದ.

ಮೊದಲು ಯಾವ ಜಾತಿ ಅಂತ ಗುರುತಿಸಿ. ಗ್ಲೋಬ್ ವಾಲ್ವ್‌ನ ಹೊಟ್ಟೆ ಗುಂಡಗಿರುತ್ತದೆ, ಮೈಮೇಲೆ ಬಾಣದ ಗುರುತಿರುತ್ತದೆ, ಕೆಲವೇ ಸುತ್ತಿಗೆ ಪೂರ್ತಿ ತೆರೆಯುತ್ತದೆ. ಗೇಟ್ ವಾಲ್ವ್ ತೆಳ್ಳಗೆ, ಎತ್ತರವಾಗಿರುತ್ತದೆ; ತೆರೆಯಲು ಬಹಳ ಸುತ್ತು ಬೇಕು. ಸ್ಟೀಮ್ ಹೆಚ್ಚು ಕಡಿಮೆ ಮಾಡುವ ಕೆಲಸ ಗ್ಲೋಬ್‌ನದು. ಗೇಟ್ ವಾಲ್ವ್ ಒಂದೋ ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಅರ್ಧಕ್ಕೆ ಬಿಟ್ಟರೆ ಒಳಗಿನ ಬಿಲ್ಲೆ ಅದುರಿ, ಅದು ಕೂತು ಮುಚ್ಚುವ ಜಾಗದ, ಅಂದರೆ ಸೀಟಿನ ಅಂಚನ್ನು ಸ್ಟೀಮ್ ಕೊರೆದುಹಾಕುತ್ತದೆ. ಚಳಿ ದೇಶಗಳ ಕೆಲವು ಹಳೆ ಮನೆಗಳಲ್ಲಿ ಕೋಣೆ ಬೆಚ್ಚಗಿಡುವ ರೇಡಿಯೇಟರ್‌ಗೆ ಸ್ಟೀಮ್ ಹೋಗುವುದಕ್ಕೂ ನೀರು ವಾಪಸ್ ಬರುವುದಕ್ಕೂ ಒಂದೇ ಪೈಪಿರುತ್ತದೆ. ಅದರ ವಾಲ್ವಿಗೂ ಇದೇ ಕಟ್ಟಳೆ, ಅರ್ಧ ತೆರೆದರೆ ನೀರು ಇಳಿಯಲಾರದೆ ಒಳಗೇ ಸಿಕ್ಕಿಬಿದ್ದು ಬಡಿಯುತ್ತದೆ.

ಇನ್ನು ಸೋರಿಕೆ. ಚಕ್ರ ಕೂತಿರುವ ಸಲಾಕೆಯ, ಅಂದರೆ ಸ್ಪಿಂಡಲ್‌ನ ಸುತ್ತ ಹೊಗೆಯಾಡಿದರೆ ಅದರ ಸುತ್ತ ತುರುಕಿದ ಡೋರಿ, ಅಂದರೆ ಗ್ಲ್ಯಾಂಡ್ ಪ್ಯಾಕಿಂಗ್ ಸವೆದಿದೆ. ವಾಲ್ವ್‌ನ ಮೇಲಿನ ಮುಚ್ಚಳ, ಅಂದರೆ ಬಾನೆಟ್, ಬಾಡಿಗೆ ಕೂಡುವಲ್ಲಿ ಬಂದರೆ ಗ್ಯಾಸ್ಕೆಟ್ ಹೋಗಿದೆ. ಹೊರಗೆಲ್ಲೂ ಸೋರದೆ, ಮುಚ್ಚಿದ ಮೇಲೂ ಮುಂದಿನ ಪೈಪು ಗಂಟೆಗಟ್ಟಲೆ ಸುಡುತ್ತಿದ್ದರೆ ಸೀಟು ಹಿಡಿಯುತ್ತಿಲ್ಲ. ಈ ಕೊನೆಯದೇ ಹೆಚ್ಚು ಹೊಟ್ಟು ತಿನ್ನುವ ರೋಗ, ಏಕೆಂದರೆ ಕಣ್ಣಿಗೆ ಕಾಣುವುದಿಲ್ಲ.

ಬಿಚ್ಚುವ ಮುಂಚೆ ಒಂದು ಮಾತು. 7 ಕೆ.ಜಿ. (ಚದರ ಸೆಂ.ಮೀ.ಗೆ) ಪ್ರೆಶರ್‌ನಲ್ಲಿ ಸ್ಟೀಮಿನ ಶಾಖ ಸುಮಾರು 170 ಡಿಗ್ರಿ. ಲೈನಿನಲ್ಲಿ ಉಳಿದ ನೀರೂ ಅಷ್ಟೇ ಬಿಸಿ. ಪ್ರೆಶರ್ ಇಳಿದ ಕ್ಷಣ ಅದು ಕುದಿದು ಮುಖಕ್ಕೆ ಎರಚುತ್ತದೆ. ಗೇಜಿನ ಮುಳ್ಳು ಸೊನ್ನೆ ತೋರಿಸಿದರೆ ಸಾಲದು. ಹಿಂದಿನ ವಾಲ್ವ್ ಮುಚ್ಚಿ, ಚಕ್ರಕ್ಕೆ ಸರಪಳಿ ಬೀಗ ಹಾಕಿ, ಡ್ರೇನ್ ಕಾಕ್ ತೆರೆದಿಟ್ಟು, ಬರಿಗೈಲಿ ಮುಟ್ಟುವಷ್ಟು ಆರಿದ ಮೇಲೆ ನಟ್ಟಿಗೆ ಕೈ ಹಾಕಿ.

ಗ್ಲ್ಯಾಂಡ್ ಸೋರಿಕೆಗೆ ಮೊದಲ ಮದ್ದು ಎರಡು ನಟ್ಟುಗಳನ್ನು ಒಂದಾದ ಮೇಲೊಂದು ಕಾಲು ಸುತ್ತಿನಷ್ಟು ಬಿಗಿಯುವುದು. ಪ್ಯಾಕಿಂಗನ್ನು ಒತ್ತಿ ಹಿಡಿಯುವ ಗ್ಲ್ಯಾಂಡ್ ಪೂರ್ತಿ ಒಳಗಿಳಿದು ಇನ್ನು ಬಿಗಿಯಲು ಜಾಗವಿಲ್ಲದಿದ್ದರೆ ಪ್ಯಾಕಿಂಗ್ ಬದಲಿಸಲೇಬೇಕು. ಅಳತೆ ಸುಲಭ: ಪ್ಯಾಕಿಂಗ್ ಕೂರುವ ತೂತಿನ ಅಗಲದಲ್ಲಿ ಸ್ಪಿಂಡಲ್‌ನ ದಪ್ಪ ಕಳೆದು ಎರಡರಿಂದ ಭಾಗಿಸಿ. ತೂತು 35 ಮಿ.ಮೀ., ಸ್ಪಿಂಡಲ್ 19 ಮಿ.ಮೀ. ಆದರೆ 8 ಮಿ.ಮೀ. ಗ್ರಾಫೈಟ್ ಡೋರಿ. ಹಳೆಯದನ್ನು ಕೊಕ್ಕೆಯಿಂದ ತೆಗೆಯಿರಿ. ಸ್ಪಿಂಡಲ್‌ಗೆ ಗೀರು ಬಿದ್ದರೆ ಹೊಸ ಡೋರಿಯೂ ಬೇಗ ಹರಿಯುತ್ತದೆ. ಬೂದು ಬಿಳಿಯ ಹಳೇ ಡೋರಿ ಕಲ್ನಾರಿನದಿರಬಹುದು. ನೀರು ಹಾಕಿ ನೆನೆಸಿ, ಒಳ್ಳೆಯ ಮಾಸ್ಕ್ ಹಾಕಿಕೊಂಡು ತೆಗೆದು, ಚೀಲದಲ್ಲಿ ಕಟ್ಟಿಡಿ. ಗಾಳಿ ಹೊಡೆದು ಊದಲೇಬೇಡಿ, ಆ ಧೂಳು ಶ್ವಾಸಕೋಶಕ್ಕೆ ಮಾರಿ.

ಹೊಸ ಡೋರಿಯನ್ನು ಸ್ಪಿಂಡಲ್‌ನಷ್ಟೇ ದಪ್ಪದ ಸಲಾಕೆಗೆ ಸುತ್ತಿ, ಒಂದೊಂದು ಬಳೆಯನ್ನೂ ಬೇರೆ ಬೇರೆ ಕತ್ತರಿಸಿ. ಒಂದೇ ಉದ್ದದ ಡೋರಿಯನ್ನು ಸುರುಳಿಯಾಗಿ ತುರುಕಿದರೆ ಆ ಸುರುಳಿಯ ದಾರಿಯಲ್ಲೇ ಸ್ಟೀಮ್ ಹೊರಬರುತ್ತದೆ. ಒಂದು ಬಳೆಯ ಸಂದು ಇನ್ನೊಂದರ ಸಂದಿನ ಮೇಲೆ ಬಾರದಂತೆ 120 ಡಿಗ್ರಿ ಸರಿಸುತ್ತಾ, ಪ್ರತಿಯೊಂದನ್ನೂ ತಳ ಮುಟ್ಟುವಂತೆ ಒತ್ತಿ. ಲೈನ್ ಬಿಸಿಯಾದ ಮೇಲೆ ಡೋರಿ ಕುಗ್ಗುತ್ತದೆ, ಆಗ ಇನ್ನೊಮ್ಮೆ ಹಗುರವಾಗಿ ಬಿಗಿಯಿರಿ. ಚಕ್ರ ಕೈಯಲ್ಲೇ ತಿರುಗುವಂತಿರಬೇಕು.

ಗ್ಲೋಬ್‌ನ ಸೀಟು ಹಿಡಿಯದಿದ್ದರೆ ಬಾನೆಟ್ ಬಿಚ್ಚಿ ಬೆರಳಿನ ಉಗುರಿನಿಂದ ಅಂಚನ್ನು ಗೀಚಿ ನೋಡಿ. ಉಗುರಿಗೆ ಗೀರು ಸಿಕ್ಕಿದರೆ ಲೇತ್‌ಗೆ ಒಯ್ಯಬೇಕು. ಸಿಗದಿದ್ದರೆ ಗ್ರೈಂಡಿಂಗ್ ಪೇಸ್ಟ್ ಸಾಕು: ಮೊದಲು ಒರಟು, ಆಮೇಲೆ ನುಣುಪು. ಪೇಸ್ಟ್ ಹಚ್ಚಿ, ಸೀಟನ್ನು ಮುಚ್ಚುವ ಬಿಲ್ಲೆಯನ್ನು, ಅಂದರೆ ಡಿಸ್ಕ್ ಅನ್ನು ಹಗುರವಾಗಿ ಒತ್ತಿ ಹಿಂದೆ ಮುಂದೆ ತಿರುಗಿಸಿ, ನಡುನಡುವೆ ಎತ್ತಿ ಕಾಲು ಸುತ್ತು ಸರಿಸಿ ಕೂರಿಸಿ. ಸೀಮೆಎಣ್ಣೆಯಿಂದ ಒರೆಸಿ, ಡಿಸ್ಕ್‌ಗೆ ನೀಲಿ ಬಣ್ಣ ತೆಳ್ಳಗೆ ಸವರಿ ಸೀಟಿಗೆ ಒತ್ತಿದಾಗ ಎಲ್ಲೂ ತುಂಡಾಗದ ಉಂಗುರ ಮೂಡಬೇಕು. ಪೇಸ್ಟಿನ ಒಂದು ಕಣವೂ ಒಳಗೆ ಉಳಿಯಬಾರದು.

ಮತ್ತೆ ಕೂರಿಸುವಾಗ ಬಾಣದ ದಿಕ್ಕು ನೋಡಿಕೊಳ್ಳಿ. ಅಡ್ಡ ಲೈನಿನಲ್ಲಿ ಗ್ಲೋಬ್‌ನ ಸ್ಪಿಂಡಲ್ ಮೇಲ್ಮುಖವಾಗಿದ್ದರೆ ಒಳಗಿನ ಗೋಡೆಯ ಹಿಂದೆ ನೀರು ನಿಲ್ಲುತ್ತದೆ. ಪಕ್ಕಕ್ಕೆ ಮಲಗಿಸಿದರೆ ಹರಿದುಹೋಗುತ್ತದೆ. ನಿಂತ ನೀರನ್ನು ಸ್ಟೀಮ್ ತಳ್ಳಿಕೊಂಡು ಹೋಗಿ ಬೆಂಡಿಗೆ ಗುದ್ದುವುದೇ ಆ ಢಬ್ ಢಬ್ ಸದ್ದು. ಪೈಪು ಕೂಡುವ ಫ್ಲ್ಯಾಂಜ್ ಸೀಳುವ ಶಕ್ತಿ ಅದಕ್ಕಿದೆ. ಹಾಗಾಗಿ ಬೆಳಿಗ್ಗೆ ಮೊದಲು ಡ್ರೇನ್ ತೆರೆದು ನೀರು ಬಿಟ್ಟು, ವಾಲ್ವನ್ನು ಕೂದಲೆಳೆಯಷ್ಟು ತೆರೆದು ಪೈಪನ್ನು ಬಿಸಿಯಾಗಲು ಬಿಡಿ. ಪೂರ್ತಿ ತೆರೆದ ಮೇಲೆ ಕಾಲು ಸುತ್ತು ಹಿಂದೆ ತಿರುಗಿಸಿಡಿ. ಮುಂದಿನ ಪಾಳಿಯವರು ಮುಚ್ಚಿದೆಯೆಂದು ತಿಳಿದು ಬಲ ಹಾಕುವುದು ತಪ್ಪುತ್ತದೆ.

ಇದೆಲ್ಲ ಬಾಯ್ಲರ್‌ನಿಂದ ದೂರದ, ಬತ್ತ ಬೇಯಿಸುವ ಟ್ಯಾಂಕು ಮತ್ತು ಡ್ರೈಯರ್ ಕಡೆಯ ವಾಲ್ವ್‌ಗಳಿಗೆ ಮಾತ್ರ. ಬಾಯ್ಲರ್ ಮೇಲಿನ ಮೇನ್ ಸ್ಟಾಪ್ ವಾಲ್ವ್ ಬದಲಿಸುವುದಿದ್ದರೆ ಐಬಿಆರ್ (ಭಾರತೀಯ ಬಾಯ್ಲರ್ ನಿಯಮಾವಳಿ) ಸರ್ಟಿಫಿಕೇಟ್ ಇರುವುದನ್ನೇ ತನ್ನಿ. ಸೇಫ್ಟಿ ವಾಲ್ವ್‌ನ ಸೀಲು ಒಡೆಯಬೇಡಿ, ಸ್ಪ್ರಿಂಗ್ ಬಿಗಿಯಬೇಡಿ. ಅದು ಸೋರಿದರೆ ಬೆಂಕಿ ಇಳಿಸಿ, ಬಾಯ್ಲರ್ ಇನ್‌ಸ್ಪೆಕ್ಟರ್‌ಗೆ ತಿಳಿಸಿ.