ಘಾನಾದ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಮಿಶನ್ ಸೇವೆ: ನನ್ನ ಅನುಭವ

ಬಾಸೆಲ್ ಮಿಶನ್ ತನ್ನ ಸುವಾರ್ತಿಕರನ್ನು 1828ರಲ್ಲಿ ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿಗೆ ಕಳುಹಿಸಿತು. 1834ರಲ್ಲಿ ಅದೇ ಮಿಶನ್‌ನವರು ಮಂಗಳೂರಿನಲ್ಲಿ ಬಂದು ಇಳಿದರು. ಇಲ್ಲಿ ಕಿಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಅಚ್ಚಾಗುವುದಕ್ಕೆ ಮೊದಲೇ, 1881ರಲ್ಲಿ, ಅಲ್ಲಿ ಅದೇ ಮಿಶನ್‌ನ ಕ್ರಿಸ್ಟಾಲರರು ರಚಿಸಿದ, ಸ್ಥಳೀಯ ಟ್ವಿ ಭಾಷೆಯ ನಿಘಂಟು ಹೊರಬಂದಿತ್ತು. ಗೋಲ್ಡ್ ಕೋಸ್ಟ್ ಈಗ ಘಾನಾ ಆಗಿದೆ. ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆಯೂ ಮಂಗಳೂರಿನ ನಮ್ಮ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯೂ ಹೀಗೆ ಒಂದೇ ಬೇರಿನವು. ಆದ್ದರಿಂದಲೇ, ದಾದಿಯ ಕೆಲಸದಿಂದ ನಿವೃತ್ತಳಾದ ಮೇಲೆ ಅಶಾಂಟಿ ಪ್ರಾಂತ್ಯದ ಹಳ್ಳಿಯೊಂದಕ್ಕೆ ಸೇವೆಗೆ ಹೋಗುವ ಕರೆ ಸಭೆಯ ಮೂಲಕ ಬಂದಾಗ, ಅದು ನನಗೆ ದೂರದ ಪರದೇಶದ ಕರೆಯೆನಿಸಲಿಲ್ಲ.

ಹೊರಡುವ ಮೊದಲು ಮುಗಿಸಬೇಕಾದ ಕೆಲಸಗಳಲ್ಲಿ ಹಳದಿ ಜ್ವರದ ಲಸಿಕೆ ಮುಖ್ಯವಾದದ್ದು. ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಅದನ್ನು ಕೊಡುತ್ತಾರೆ. ಚುಚ್ಚಿಸಿಕೊಂಡು ಹತ್ತು ದಿನ ಕಳೆದ ಮೇಲಷ್ಟೇ ಪ್ರಮಾಣಪತ್ರ ಊರ್ಜಿತವಾಗುತ್ತದೆ. ಘಾನಾಕ್ಕೆ ಪ್ರವೇಶಿಸುವಾಗ ಮಾತ್ರವಲ್ಲ, ಭಾರತಕ್ಕೆ ಹಿಂತಿರುಗುವಾಗಲೂ ಅದನ್ನು ತೋರಿಸಬೇಕು. ಇನ್ನೊಂದು ವಿಷಯವನ್ನು ನಮ್ಮ ತಂಡದ ಕೆಲವರಿಗೆ ಬಿಡಿಸಿ ಹೇಳಬೇಕಾಯಿತು. ಇಲ್ಲಿ ಎಷ್ಟು ವರ್ಷ ಸೂಜಿ ಚುಚ್ಚಿದ್ದರೂ, ಆ ದೇಶದ ನರ್ಸಿಂಗ್ ಮಂಡಳಿಯಲ್ಲಿ ನೋಂದಣಿಯಾಗದೆ ಅಲ್ಲಿನ ರೋಗಿಯನ್ನು ಉಪಚರಿಸುವಂತಿಲ್ಲ. ಸೂಟ್‌ಕೇಸಿನಲ್ಲಿ ಮಾತ್ರೆ ತುಂಬಿಕೊಂಡು ಹೋಗಿ ಹಂಚುವ ಸೇವೆಯಲ್ಲಿ ನನಗೆ ನಂಬಿಕೆಯೂ ಇಲ್ಲ, ಏಕೆಂದರೆ ಹಂಚಿದವರು ವಿಮಾನ ಹತ್ತಿದ ಮೇಲೆ ಆ ಔಷಧದ ಅಡ್ಡಪರಿಣಾಮಕ್ಕೆ ಉತ್ತರ ಹೇಳಬೇಕಾದವಳು ಹಳ್ಳಿಯ ದಾದಿ. ಹೀಗಾಗಿ ಮಕ್ಕಳ ತೂಕ, ದಾಖಲೆ ಪುಸ್ತಕ, ತಾಯಂದಿರ ಆಹಾರ ಪಾಠ ಇಷ್ಟನ್ನೇ ಮಾಡುವುದು, ಅದನ್ನೂ ಅಲ್ಲಿನ ದಾದಿಯ ಕೈಕೆಳಗೆ ಮಾಡುವುದು ಎಂದು ಮೊದಲೇ ಒಪ್ಪಿಕೊಂಡೆವು.

ಆ ಭಾಗದ ದೊಡ್ಡ ಆಸ್ಪತ್ರೆ ಇರುವುದು ಅಗೋಗೊದಲ್ಲಿ. ಬಾಸೆಲ್ ಮಿಶನ್ 1931ರಲ್ಲಿ ಆರಂಭಿಸಿದ ಅದು ಇಂದು ಪ್ರೆಸ್ಬಿಟೇರಿಯನ್ ಸಭೆಯ ಆಡಳಿತದಲ್ಲಿದೆ. ಹಳ್ಳಿಗಳ ಮಟ್ಟದಲ್ಲಿ ಸರ್ಕಾರದ ಚಿಕ್ಕ ಆರೋಗ್ಯ ಕೇಂದ್ರಗಳಿವೆ. ದಾದಿ ಅಲ್ಲಿಯೇ ವಾಸವಾಗಿದ್ದು ಮನೆಮನೆಗೂ ಹೋಗಿ ಬರುತ್ತಾಳೆ. ನಮ್ಮ ಕೇಂದ್ರದ ದಾದಿ ನನ್ನ ಮಗಳ ವಯಸ್ಸಿನವಳು, ನನ್ನನ್ನು ಆಂಟಿ ಎಂದು ಕರೆಯುತ್ತಿದ್ದಳು. ಆದರೆ ಯಾವ ಮಗುವನ್ನು ಅಗೋಗೊಕ್ಕೆ ಕಳುಹಿಸಬೇಕು, ಯಾವುದನ್ನು ಅಲ್ಲಿಯೇ ನೋಡಿಕೊಳ್ಳಬಹುದು ಎಂಬ ತೀರ್ಮಾನ ಅವಳದೇ ಆಗಿತ್ತು. ಮಲೇರಿಯಾದ ಕ್ಷಿಪ್ರ ಪರೀಕ್ಷೆಗೆ ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆಯುವ ಅವಳ ಕೈಚಳಕಕ್ಕೆ ನಾನು ಕಲಿಸುವಂಥದ್ದೇನೂ ಇರಲಿಲ್ಲ.

ಕೆಲಸಕ್ಕೆ ಮೊದಲು ಊರ ಮುಖ್ಯಸ್ಥರನ್ನು ಕಾಣಬೇಕು. ಬಂದವರನ್ನು ಕೂರಿಸಿ ಕುಡಿಯಲು ನೀರು ಕೊಟ್ಟ ಮೇಲೆಯೇ ಬಂದ ಕಾರಣವನ್ನು ಕೇಳುತ್ತಾರೆ. ಅದಕ್ಕೂ ಮೊದಲು ವಿಷಯ ಎತ್ತುವುದು ಅವಿನಯ. ಮುಖ್ಯಸ್ಥರೊಂದಿಗೆ ನೇರವಾಗಿ ಮಾತನಾಡುವ ಪದ್ಧತಿಯಿಲ್ಲ. ಪಕ್ಕದಲ್ಲಿರುವ ಒಚಿಯಾಮೆ ಎಂಬ ವಕ್ತಾರರ ಮೂಲಕವೇ ನಮ್ಮ ಮಾತು ಹೋಗಬೇಕು, ಅವರ ಮಾತು ಬರಬೇಕು. ಕೈಕುಲುಕುವಾಗ ಬಲಗಡೆ ಕುಳಿತವರಿಂದ ಆರಂಭಿಸಬೇಕು, ಎಡಗೈ ಚಾಚಲೇಬಾರದು ಎಂಬುದನ್ನು ಅಲ್ಲಿನ ಸಭಾಪಾಲಕರು ದಾರಿಯಲ್ಲೇ ಹೇಳಿಕೊಟ್ಟಿದ್ದರು. ಎಡಗೈಯ ವಿಷಯವನ್ನು ನಮಗೆ ಯಾರೂ ಕಲಿಸಬೇಕಾಗಿರಲಿಲ್ಲ.

ತೂಕದ ದಿನವನ್ನು ಗುರುವಾರಕ್ಕೆ ಇಟ್ಟುಕೊಳ್ಳಿ ಎಂದು ಸೂಚಿಸಿದವರು ಊರ ಹಿರಿಯರೇ. ಅಶಾಂಟಿ ಜನರಲ್ಲಿ ಗುರುವಾರ ಭೂಮಿತಾಯಿ ಅಸಾಸೆ ಯಾ ವಿಶ್ರಮಿಸುವ ದಿನ. ಅಂದು ಹೊಲದ ಮಣ್ಣನ್ನು ಅಗೆಯಬಾರದೆಂಬ ಕಟ್ಟಳೆಯಿದೆ. ಉಳಿದ ದಿನಗಳಲ್ಲಿ ಬೆಳಗಿನ ಜಾವವೇ ಕೊಕ್ಕೊ, ಮರಗೆಣಸಿನ ತೋಟಗಳಿಗೆ ಹೊರಟುಬಿಡುವ ತಾಯಂದಿರು ಅಂದು ಊರಿನಲ್ಲಿ ಸಿಗುತ್ತಾರೆ. ತಂಡದ ಕಿರಿಯನೊಬ್ಬನಿಗೆ ಮಿಶನ್ ಕೆಲಸವನ್ನು ಭೂದೇವಿಯ ವಾರಕ್ಕೆ ಹೊಂದಿಸುವುದು ಕಸಿವಿಸಿಯೆನಿಸಿತು. ತುಳುನಾಡಿನಲ್ಲಿ ಭೂಮಿತಾಯಿಯ ಹಬ್ಬವಾದ ಕೆಡ್ಡಸದ ದಿನಗಳಲ್ಲಿ ನೆಲ ಅಗೆಯದ ನೆರೆಹೊರೆಯವರ ನಡುವೆ ಬೆಳೆದ ನನಗೆ ಹಾಗೇನೂ ಅನಿಸಲಿಲ್ಲ. ಗುರುವಾರ ಬೆಳಿಗ್ಗೆ ಕೇಂದ್ರದ ಮುಂದಿನ ಮಾವಿನ ಮರದ ಕೆಳಗೆ ಬೆಂಚುಗಳು ತುಂಬುತ್ತಿದ್ದವು.

ಮರದ ಕೊಂಬೆಗೆ ತೂಗುತಕ್ಕಡಿಯನ್ನು ಕಟ್ಟಿ, ಚಡ್ಡಿಯಂಥ ಚೀಲದಲ್ಲಿ ಮಗುವನ್ನು ಕೂರಿಸಿ ತೂಕ ನೋಡಿ, ತಾಯಿಯ ಕೈಯಲ್ಲಿದ್ದ ಪುಸ್ತಕದಲ್ಲಿ ಗುರುತು ಹಾಕುತ್ತಿದ್ದೆವು. ಆರು ತಿಂಗಳು ದಾಟಿದ ಮಕ್ಕಳ ತೋಳಿನ ಸುತ್ತಳತೆಯನ್ನು ಬಣ್ಣದ ಪಟ್ಟಿಯಿಂದ ಅಳೆಯುವುದು ಮುಂದಿನ ಹಂತ. 12.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಹಳದಿ, 11.5ಕ್ಕಿಂತ ಕಡಿಮೆಯಿದ್ದರೆ ಕೆಂಪು. ಕೆಂಪು ಬಂದ ಮಗುವನ್ನು ದಾದಿ ತಾನೇ ಪರೀಕ್ಷಿಸುತ್ತಿದ್ದಳು. ಮೊಲೆಹಾಲು ಚೆನ್ನಾಗಿ ಕುಡಿದು ದುಂಡಗಿದ್ದ ಕೂಸುಗಳ ತೂಕ, ಮೇಲೂಟ ಆರಂಭವಾದ ಮೇಲೆ ಏರದೆ ನಿಂತುಬಿಡುವುದು ಪುಸ್ತಕದ ಗೆರೆಗಳಲ್ಲಿ ಎದ್ದು ಕಾಣುತ್ತಿತ್ತು. ಕಾರಣ ತಿಳಿಯಲು ಅಡುಗೆಮನೆಗೇ ಹೋಗಬೇಕಾಯಿತು. ಹುಳಿಬರಿಸಿದ ಮೆಕ್ಕೆಜೋಳದ ಹಿಟ್ಟಿನಿಂದ ಮಾಡುವ ಕೊಕೊ ಎಂಬ ಅಂಬಲಿಯನ್ನು ಮಕ್ಕಳಿಗೆ ಬಹಳ ತೆಳ್ಳಗೆ ಮಾಡಿ ಕುಡಿಸುತ್ತಾರೆ. ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ಅದೇ ಮನೆಯಲ್ಲಿ ದೊಡ್ಡವರ ಸಾರಿಗೆ ನೆಲಗಡಲೆಯನ್ನು ಅರೆದು ಹಾಕುತ್ತಾರೆ, ಒಣಮೀನೂ ಇರುತ್ತದೆ. ಆದ್ದರಿಂದ ಹೊಸ ಪದಾರ್ಥ ಯಾವುದನ್ನೂ ತರಿಸದೆ, ಅಂಬಲಿಯನ್ನು ಗಟ್ಟಿಯಾಗಿ ಕಾಯಿಸಿ, ಹುರಿದ ನೆಲಗಡಲೆಯ ನುಣ್ಣನೆಯ ಪೇಸ್ಟ್ ಒಂದು ಚಮಚ, ಒಣಮೀನಿನ ಪುಡಿ ಒಂದು ಚಿಟಿಕೆ ಬೆರೆಸುವುದನ್ನು ದಾದಿ ಟ್ವಿಯಲ್ಲಿ ಹೇಳುತ್ತಾ ಹೋದಳು, ನಾನು ಒಲೆಯ ಮುಂದೆ ಕುಳಿತು ಮಾಡಿ ತೋರಿಸಿದೆ. ಅಜ್ಜಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸುವುದು ಅವಳದೇ ಉಪಾಯ, ಏಕೆಂದರೆ ತಾಯಿ ತೋಟದಲ್ಲಿರುವಾಗ ಮಗುವಿಗೆ ಉಣಿಸುವವರು ಅವರು. ನಾನು ಕಂಡ ಆಹಾರ ಪಾಠಗಳಲ್ಲಿ ಇಷ್ಟು ಸರಿಯಾದ ಕೇಳುಗರು ಸಿಕ್ಕಿದ್ದು ಅಪರೂಪ.

ಸುವಾರ್ತೆಯ ಕೆಲಸವನ್ನು ಔಷಧದ ಸಾಲಿಗೆ ಬೆಸೆಯಬಾರದೆಂದು ನಾವು ನಿರ್ಧರಿಸಿದ್ದೆವು. ಮುಸ್ಲಿಂ ಕುಟುಂಬಗಳೂ ಆ ಸಾಲಿನಲ್ಲಿ ನಿಲ್ಲುತ್ತಿದ್ದವು. ತೂಕಕ್ಕೆ ಬಂದ ತಾಯಿ ಪ್ರಸಂಗವನ್ನು ಕೇಳಿಯೇ ಹೋಗಬೇಕೆನ್ನುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ಸಾಕ್ಷಿ ಹೇಳಲು ಭಾನುವಾರದ ಆರಾಧನೆ ಇತ್ತು. ಕ್ರಿಸ್ಟಾಲರರು ಅನುವಾದಿಸಿ 1871ರಲ್ಲಿ ಸಂಪೂರ್ಣವಾಗಿ ಪ್ರಕಟವಾದ ಟ್ವಿ ಬೈಬಲ್ಲಿನ ಪರಂಪರೆಯ ಆ ಸಭೆಗೆ ದೇವರ ವಾಕ್ಯ ಹೊಸದಲ್ಲ. ಕಾಣಿಕೆಯನ್ನು ಹುಟ್ಟಿದ ವಾರಕ್ಕೆ ಅನುಸಾರವಾಗಿ ಎತ್ತುತ್ತಾರೆ: ಅಲ್ಲಿ ಹುಟ್ಟಿದ ವಾರದಿಂದಲೇ ಹೆಸರಿಡುವುದರಿಂದ, ಶುಕ್ರವಾರದ ಕೋಫಿಗಳು, ಶನಿವಾರದ ಅಮಾಗಳು ತಮ್ಮ ತಮ್ಮ ಸರದಿಯಲ್ಲಿ ಕರವಸ್ತ್ರ ಬೀಸಿ ಕುಣಿಯುತ್ತಾ ಮುಂದೆ ಹೋಗುತ್ತಾರೆ, ಯಾವ ವಾರದವರು ಹೆಚ್ಚು ಕೊಟ್ಟರೆಂದು ಕೊನೆಗೆ ಘೋಷಿಸುತ್ತಾರೆ. ಮಂಗಳೂರಿನ ಬಲ್ಮಠದ ಗಂಭೀರ ಆರಾಧನೆಗೆ ಒಗ್ಗಿದ ನನ್ನ ಕಾಲುಗಳೂ ಸುಮ್ಮನಿರಲಿಲ್ಲ.

ಹೊರಡುವ ಮೊದಲು ತಕ್ಕಡಿಯನ್ನೂ ಅಳತೆಪಟ್ಟಿಗಳನ್ನೂ ಕೇಂದ್ರದ ದಾಸ್ತಾನು ಪುಸ್ತಕಕ್ಕೆ ಸೇರಿಸಿ ಸಹಿ ಪಡೆದೆವು. ಮಂಗಳೂರಿನ ಸಭೆಯವರು ಕೊಟ್ಟ ಹಣವನ್ನು ಯಾರ ಕೈಗೂ ಬಿಡಿಯಾಗಿ ಕೊಡದೆ ಅಲ್ಲಿನ ಸಭೆಯ ಲೆಕ್ಕಕ್ಕೇ ಕಟ್ಟಿದೆವು. ಮುಂದೆ ಹೋಗುವ ತಂಡ ಕೊಕ್ಕೊ ಕಾಯಿ ಒಡೆಯುವ ಸುಗ್ಗಿಯ ತಿಂಗಳುಗಳನ್ನು ಬಿಟ್ಟು ದಿನ ಗೊತ್ತುಮಾಡಲಿ ಎಂದು ದಾದಿ ಹೇಳಿ ಕಳುಹಿಸಿದ್ದಾಳೆ. ಆ ಕಾಲದಲ್ಲಿ ಗುರುವಾರವೂ ಎಲ್ಲರೂ ಬೀಜ ಒಣಗಿಸುವುದರಲ್ಲಿ ಮುಳುಗಿರುತ್ತಾರಂತೆ.